ಮೀನು ಕಚ್ಚಿದ ಗಾಯ

ಹಳಿಯಾಳ
೮ ಜುಲೈ ೨೦೨೪

ಅಗಾತಾ,

ನಾವೆಲ್ಲಾ ಆರಾಮ ಇದೀವಿ. ಮಳಿ ಹಿಡಿದ ಮ್ಯಾಲೆ ನಿಮ್ಮವ್ವನ ಸೊಂಟ ನೋವು ಜಾಸ್ತಿ ಆಗೇತಿ. ಬಾಯಿ ಆರಾಮ ಐತಿ.

ನಿನ್ನೆ ಪೋಸ್ಟಮನ್ನ ಒಂದು ದೊಡ್ಡ ಲಕೋಟಿ ತಂದು ಕೊಟ್ಟ. ಕತಾರದಿಂದ ಬಂದದ್ದು, ಆದ್ರ ನಿನ್ನ ಅಕ್ಷರ ಅಲ್ಲ. ದೋಹಾದಾಗ ಕನ್ನಡದವರ ಸಂಘ ಐತಂತ. ಅದರ ಕಾರ್ಯದರ್ಶಿ ವೆಂಕಟರಾಮು ಅನ್ನಾವ ಬರದಾನ. 'ಸಿದ್ಧಿ ಸಮುದಾಯದಿಂದ ನೌಕಾಪಡೆ ಸೇರಿದ ಮೊದಲಿಗರಾದ ತಮ್ಮನ್ನು ನವೆಂಬರ್ ರಾಜ್ಯೋತ್ಸವದಲ್ಲಿ ಸನ್ಮಾನಿಸಲು ಹೆಮ್ಮೆಪಡುತ್ತೇವೆ.' ಸಿದ್ದಿ ಅಂತ ಬರಿಯಾಕೂ ಬಂದಿಲ್ಲ, ಹೊಟ್ಟಿ ಸೀಳಿ ಸಿದ್ಧಿ ಮಾಡಿಟ್ಟಾನ. ನಾ ಏನು ಹಿಮಾಲಯದಾಗ ತಪಸ್ಸಿಗೆ ಕುಂತಿದ್ದೆನೇನು? ಹೋಗಿ ಬರೋ ಟಿಕೀಟ, ಇರಾಕ ಹೋಟೆಲ್, ಎಲ್ಲಾ ಅವರದ ಅಂತ.

ನನಗ ಎಪ್ಪತ್ತೆರಡು ವರ್ಷ. ನೇವಿ ಬಿಟ್ಟು ಮೂವತ್ತೆಂಟು ವರ್ಷ ಆತು. ಇಷ್ಟು ದಿನ ನಮ್ಮ ಓಣ್ಯಾಗ ಒಬ್ಬರೂ 'ಅಲ್ಲಿ ಏನ ಮಾಡಿದ್ಯೋ ಬಸ್ತ್ಯಾಂವ' ಅಂತ ಕೇಳಿಲ್ಲ. ಈಗ ಸಮುದ್ರದಾಚೆ ಕುಂತು ಹೆಮ್ಮೆ ಪಡಾಕತ್ಯಾರು. ಇದರಾಗ ಏನೋ ಐತಿ.

ನೀ ಕಾಲೇಜಿನಾಗ ಇದ್ದಾಗ ಒಂದು ಊರಿನವರು ಹಿಂಗ ಸನ್ಮಾನ ಅಂತ ಕರದಿದ್ರು, ನೆನಪೈತೇನು? ಬ್ಲೇಜರ್ ಇಸ್ತ್ರಿ ಮಾಡಿಸಿ, ಪದಕ ಹಚ್ಚಿಕೊಂಡು ಹೋಗಿದ್ದೆ. ಸ್ಟೇಜಿನ ಹಿಂದ ಒಬ್ಬ ಬಂದು ಕೈಯಾಗ ಸೊಪ್ಪಿನ ಲಂಗಾ ಕೊಟ್ಟ. 'ಲಗೂನ ಉಟ್ಕೋರಿ, ನಿಮ್ಮ ಡಮಾಮಿ ಕುಣಿತ ಐತಿ' ಅಂದ. ನಾ ಡೈವರ್ ರೀ, ಹಡಗದ ತಳಾ ನೋಡಿದಾವ, ನನಗ ಕುಣಿಯಾಕ ಬರಂಗಿಲ್ಲ ಅಂದೆ. 'ಸಿದ್ದಿ ಆಗಿ ಕುಣಿಯಾಕ ಬರಂಗಿಲ್ಲಂದ್ರ ಹೆಂಗ್ರೀ' ಅಂದ. ಅವರ ಶಾಲು ಅವರ ಟೇಬಲ್ ಮ್ಯಾಲೆ ಇಟ್ಟು ಬಸ್ ಹತ್ತಿದೆ.

ಅದಕ್ಕ ಕೇಳ್ತೀನಿ. ವಿಳಾಸ ಕೊಟ್ಟದ್ದು ನೀನ ಏನು? ನೀ ಅಲ್ಲಂದ್ರ ಯಾರು? ಈ ವೆಂಕಟರಾಮು ನಿನಗ ಗುರ್ತದಾನೇನು? ಫೋನ್ ಮಾಡಬ್ಯಾಡ. ನೀರಿನ ಕೆಲಸ ನನ್ನ ಕಿವಿ ತಿಂದು ಹಾಕೇತಿ. ನೀ ಹೇಳಿದ್ದನ್ನ ನಿಮ್ಮವ್ವ ಒದರಿ ಹೇಳ್ತಾಳ, ಅದರಾಗ ಅರ್ಧ ಅಕೀದ ಇರ್ತದ. ಕಾಗದ ಬರಿ.

ನಿಮ್ಮಪ್ಪ
ಬಸ್ತ್ಯಾಂವ

*

ಅಲ್ ಖೋರ್
೨ ಆಗಸ್ಟ್ ೨೦೨೪

ಅಪ್ಪಾ,

ಕಾಗದ ಮುಟ್ಟಿತು. ನಾನು ಆರಾಮ. ಬೆಳಿಗ್ಗೆ ಐದಕ್ಕ ಕಂಪನಿ ಬಸ್ಸು, ರಾಸ್ ಲಫಾನ್ ಗ್ಯಾಸ್ ಕಾರಖಾನಿ ಗೇಟಿನಾಗ ಕಾರ್ಡ್ ತೋರಿಸೂದು, ಲ್ಯಾಬಿನಾಗ ದಿನಾ ಅದ ನೀರಿನ ಸ್ಯಾಂಪಲ್ಲು, ಸಂಜಿಕ ತಿರುಗಿ ರೂಮು. ಹೊಸಾದು ಏನಿಲ್ಲ.

ವಿಳಾಸ ನಾ ಕೊಟ್ಟಿಲ್ಲ. ಯಾರು ಕೊಟ್ರು ಗೊತ್ತಿಲ್ಲ. ವೆಂಕಟರಾಮು ಅವರ ಮುಖಾ ನೋಡೀನಿ, ಪರಿಚಯ ಅಂತ ಇಲ್ಲ. ಇಲ್ಲಿ ಕನ್ನಡದವರ ಜೋಡಿ ನನ್ನ ಒಡನಾಟ ಕಡಿಮಿ.

ನನ್ನ ಕೇಳಿದ್ರ ನೀ ಬರಬ್ಯಾಡ ಅಪ್ಪಾ. ಇಲ್ಲಿ ಬಿಸಿಲು ಭಾಳ. ವಿಮಾನದಾಗ ನಿನ್ನ ಕಿವಿ ನೋಯ್ತಾವ. ಅವ್ವನ ಸೊಂಟಾನೂ ನೋಡಬೇಕಲ್ಲ. 'ಆಗಂಗಿಲ್ಲ' ಅಂತ ಎರಡು ಸಾಲು ಬರದು ಹಾಕು. ಹಂಗ ಬರಿಯೋವಾಗ ನನ್ನ ಹೆಸರು ತಗೀಬ್ಯಾಡ.

ಖರ್ಜೂರ ಕಳಿಸೀನಿ. ಅವ್ವಗ ಕಪ್ಪು ಡಬ್ಬಿ, ನಿನಗ ಹಳದಿದು.

ನಿನ್ನ ಮಗಳು
ಅಗಾತಾ

*

ಹಳಿಯಾಳ
೧೯ ಆಗಸ್ಟ್ ೨೦೨೪

ಅಗಾತಾ,

ನವೆಂಬರದಾಗ ಅಲ್ಲಿ ಬಿಸಿಲಂತ! ಆ ನೀರಾಗ ಹೋಗಿ ಬಂದ ಮನಷ್ಯಾಗ ಹೇಳ್ತೀಯೇನು?

ನಾವು ಹಡಗದ ತಳಕ್ಕ ಸುತಗಿಲೆ ಬಡದು ನೋಡ್ತಿದ್ವಿ. ತಗಡು ಗಟ್ಟಿ ಇದ್ರ ಒಂದು ಸಪ್ಪಳ, ಒಳಗ ತುಕ್ಕು ತಿಂದಿದ್ರ ಇನ್ನೊಂದು. ನಿನ್ನ ಕಾಗದ ಎರಡನೇ ಸಪ್ಪಳ ಮಾಡಾಕತ್ತೈತಿ. ನೌಕರಿ ಹೋಗೇತೇನು? ಯಾರನ್ನಾರ ಮದವಿ ಆಗೀಯೇನು? ಮೂರು ದಿನದಿಂದ ನಿಮ್ಮವ್ವ ಅದನ್ನ ಅನ್ನಾಕತ್ಯಾಳ.

ನಾ ವೆಂಕಟರಾಮುಗ ಸೀದಾ ಕೇಳಿ ಬರದಿದ್ದೆ: ಕುಣಿಯಾಕ ಡೋಲು ತರಬೇಕೇನು, ವಿಳಾಸ ಯಾರು ಕೊಟ್ರು. ಡೋಲು ಬ್ಯಾಡ ಸಾರ್, ತಾವು ಬಂದ್ರ ಸಾಕು ಅಂತ ಉತ್ತರ ಬಂದೈತಿ. ಪಕೀರಬ್ಬ ಅಂತ ಮಂಗಳೂರು ಕಡೆಯ ಬ್ಯಾರಿ ಒಬ್ಬ ದೋಹಾದಾಗ ಹೊಲಿಗಿ ಅಂಗಡಿ ಇಟ್ಟಾನಂತ. ಎಪ್ಪತ್ತೊಂಬತ್ತರಾಗ ಅವನ ಮಂಜಿ, ಸರಕಿನ ಹಾಯಿಹಡಗ, ಮುಳಗಿದಾಗ ನಾ ಎತ್ತಿದ್ದೆನಂತ. ಅವ ಸಂಘದಾಗ ಈ ಕಥಿ ಹೇಳೂದು, ಇವರು ಕಾರವಾರದ ಮಾಜಿ ಸೈನಿಕರ ಕಚೇರಿಗೆ ಬರದು ನನ್ನ ಹುಡುಕೂದು. ಪಕೀರಬ್ಬ ಅನ್ನಾವ ನನಗ ಗೊತ್ತಿಲ್ಲ. ಎತ್ತಿದವರ ಹೆಸರು ಕೇಳೋ ಪದ್ಧತಿ ನಮಗಿರಲಿಲ್ಲ. ಉಪಕಾರ ನೆನಸಾಕ ನಲವತ್ತೈದು ವರ್ಷ ಬೇಕಾತೇನು ಅವಗ? ಅವನೂ ಏನೋ ಲೆಕ್ಕಾಚಾರದಾಗ ಅದಾನ ಅನಸ್ತೈತಿ.

ಕಡೀಕ ಒಂದು ಸಾಲು ಐತಿ. 'ಕತಾರಿನಲ್ಲಿ ತಮ್ಮ ಬಂಧುಗಳು ಯಾರಾದರೂ ಇದ್ದಾರೆಯೇ?' ಎಂಟು ದಿನದಿಂದ ಆ ಸಾಲಿನ ಮುಂದ ಪೆನ್ನು ಹಿಡಕೊಂಡು ಕುಂತೀನಿ. ನನ್ನ ಮಗಳು ಅಲ್ಲೇ ಅದಾಳ ಅಂತ ಬರೀಲೋ, ಬ್ಯಾಡೋ? ಬ್ಯಾಡಂದ್ರ ಯಾಕ ಬ್ಯಾಡ, ಅದನ್ನ ಬರಿ.

ನಿಮ್ಮಪ್ಪ

*

ಅಲ್ ಖೋರ್
೬ ಸೆಪ್ಟೆಂಬರ್ ೨೦೨೪

ಅಪ್ಪಾ,

ನೌಕರಿ ಐತಿ. ಮದವಿ ಆಗಿಲ್ಲ, ಅವ್ವಗ ಹೇಳು. ಇದನ್ನ ಅಕೀಗೆ ಓದಿ ಹೇಳಬ್ಯಾಡ.

ಎರಡು ವರ್ಷದ ಹಿಂದ, ಮೊದಲನೇ ದಿನ ಬಸ್ ಹತ್ತಿದಾಗ ಮುಂದಿನ ಸೀಟಿನಾಗ ಕುಂತಿದ್ದ ಒಬ್ಬರು ತಿರುಗಿ ನನ್ನ ಬಣ್ಣ, ಕೂದಲಾ ನೋಡಿ 'ಕೆನ್ಯಾ?' ಅಂತ ಕೇಳಿದ್ರು. ನಾ ತಲಿ ಅಲ್ಲಾಡಿಸಿ ಹೂಂ ಅಂದೆ. ಅವರ ಈ ವೆಂಕಟರಾಮು.

ಯಾಕ ಅಂದೆ ಅಂತ ಎಷ್ಟು ಸಲ ನನ್ನನ್ನ ನಾನ ಕೇಳಿಕೊಂಡೀನಿ. ನಿನಗ ಗೊತ್ತೈತಿ, ಧಾರವಾಡದಾಗ ಓದೋವಾಗ ಅಂಗಡ್ಯಾಗ ಬಾಯಿ ತಗದ್ರ ಸಾಕು, 'ಅಯ್ಯ, ಎಷ್ಟು ಚಂದ ಕನ್ನಡ ಮಾತಾಡ್ತಿ, ಎಲ್ಲಿ ಕಲತಿ?' ಬೆಂಗಳೂರಿನಾಗ ಮನಿ ಮಾಲಕ ಪಾಸ್‌ಪೋರ್ಟ್ ತೋರಿಸು ಅಂದ. ಆಧಾರ್ ಕಾರ್ಡ್ ಕೊಟ್ರ ಹೊಳ್ಳಿ ಮಳ್ಳಿ ನೋಡಿದ, ನಕಲಿ ಏನೋ ಅಂತ. ನಮ್ಮ ಊರಾಗ ನಾ ನಮ್ಮ ಊರಾಕಿ ಅಂತ ಸಾಬೀತು ಮಾಡಿ ಮಾಡಿ ಸಾಕಾಗಿತ್ತು ಅಪ್ಪಾ. ಇಲ್ಲಿ ಒಂದು ಹೂಂ ಅಂದ್ರ ಮುಗೀತು, ಮತ್ತ್ಯಾರೂ ಕೇಳಲಿಲ್ಲ. ಕಾರ್ಡಿನ ಮ್ಯಾಲೂ 'ಅಗಾತಾ ಎಸ್.' ಅಂತ ಅಷ್ಟ ಐತಿ.

ಆದ್ರ ಬಸ್ಸಿನಾಗಿನ ಕನ್ನಡದವರು ನನಗ ತಿಳಿಯಂಗಿಲ್ಲಂತ ದಿನಾ ನನ್ನ ಮುಂದನ ಕನ್ನಡ ಮಾತಾಡ್ತಾರ. ಸಹನಾ ಅಂತ ಒಬ್ಬಾಕಿ, ಮೈಸೂರಿನಾಕಿ, ಅತ್ತಿ ಬಗ್ಗೆ ಹೇಳೂದೆಲ್ಲಾ ನನಗ ಬಾಯಿಪಾಠ. ನನ್ನ ಬಗ್ಗೆನೂ ಮಾತಾಡ್ತಾರ. 'ಪಾಪ, ಇವಳ ಕೂದಲಿಗೆ ಬಾಚಣಿಗೆ ಹೋಗುತ್ತಾ ಅಂತ?' 'ಪರ್ಸು ಹತ್ರ ಇಟ್ಕೊಳ್ರೀ, ಈ ಜನ ಹೇಗೋ ಏನೋ.' ನಾ ಕಿಟಕಿ ನೋಡ್ಕೊಂತ ಕುಂತಿರ್ತೀನಿ. ಒಮ್ಮೆ ಅಕಿ ಮೈಸೂರು ಪಾಕ್ ಕೊಟ್ಟು 'ಇಂಡಿಯನ್ ಸ್ವೀಟ್' ಅಂದ್ಲು. ನಾ ತಿಂದು 'ವೆರಿ ನೈಸ್, ವಾಟ್ ಈಸ್ ದಿಸ್?' ಅಂದೆ. ಆ ದಿನ ರೂಮಿಗೆ ಬಂದು ಅತ್ತುಬಿಟ್ಟೆ.

ಈಗ ಒಂದು ತಿಂಗಳಿಂದ ಬಸ್ಸಿನಾಗ ನಿನ್ನದ ಸುದ್ದಿ. 'ಅವರು ನಮ್ಮ ಕನ್ನಡದವರು ಕಣ್ರೀ, ನೌಕಾಪಡೆ ಡೈವರ್ರು, ನಮ್ಮ ಹೆಮ್ಮೆ' ಅಂತ ವೆಂಕಟರಾಮು ಭಾಷಣ ಬಾಯಿಪಾಠ ಮಾಡ್ತಾರ. ಅವರ ಹಿಂದಿನ ಸೀಟಿನಾಗ ನಾ ಇರ್ತೀನಿ. ವೇದಿಕಿ ಮ್ಯಾಲೆ ಹೆಮ್ಮೆ, ಬಸ್ಸಿನಾಗ ಪರ್ಸು. ಇವರನ್ನ ಹೆಂಗ ನಂಬಬೇಕು? ನೀ ಬಂದು ನನ್ನನ್ನ ಮಗಳು ಅಂದ್ರ ಎರಡು ವರ್ಷ ಕಳ್ಳ್ಯಾಂಗ ಕದ್ದು ಕೇಳ್ಯಾಳ ಅಂತಾರ. ನೀ ಬಂದು ಮಗಳು ಅನ್ನದಿದ್ರ ನಾ ಹೆಂಗ ಅಲ್ಲಿ ಕುಂಡ್ರಲಿ? ಅದಕ್ಕ ಬರಬ್ಯಾಡ ಅಂದೆ.

ಅಗಾತಾ

*

ಹಳಿಯಾಳ
೨೩ ಸೆಪ್ಟೆಂಬರ್ ೨೦೨೪

ಕುಮಾರಿ ಅಗಾತಾ ಅವರಿಗೆ,

ನಿಮ್ಮ ಕಾಗದ ಮುಟ್ಟಿತು. ಕತಾರದಾಗ ನನಗ ಬಂಧುಗಳು ಯಾರೂ ಇಲ್ಲ, ನನಗ ಬರಾಕ ಆಗಂಗಿಲ್ಲ ಅಂತ ಸಂಘಕ್ಕ ಇವತ್ತ ಬರದು ಹಾಕೀನಿ.

ಬಿ. ಐ. ಸಿದ್ದಿ
ಲೀಡಿಂಗ್ ಸೀಮನ್, ಡೈವರ್ (ನಿವೃತ್ತ)
ಭಾರತೀಯ ನೌಕಾಪಡೆ

*

ಅಲ್ ಖೋರ್
೧೧ ಅಕ್ಟೋಬರ್ ೨೦೨೪

ಅಪ್ಪಾ,

ಬೈದಿದ್ರೂ ಚಲೋ ಇತ್ತು. ಆ 'ಕುಮಾರಿ' ನನ್ನ ಕೊಂದು ಹಾಕಿತು.

ಇವತ್ತು ಶುಕ್ರವಾರ, ರಜಾ. ಮಧ್ಯಾಹ್ನ ಬಸ್ ಹಿಡಿದು ದೋಹಾ ಅಲ್ ಜದೀದಾಕ್ಕ ಹೋಗಿದ್ದೆ, ಆ ಪಕೀರಬ್ಬನ್ನ ಹುಡುಕಿಕೊಂಡು. ಖರೇ ಹೇಳ್ತೀನಿ, ಜಗಳಾ ಮಾಡಾಕನ ಹೋಗಿದ್ದೆ. ಸಂಘದ ಸ್ಟೇಜ್ ಹತ್ತಾಕ ಮುದುಕ ಕಥಿ ಕಟ್ಯಾನ, ಎರಡು ಪ್ರಶ್ನಿ ಕೇಳಿದ್ರ ಬಣ್ಣ ಬಯಲಾಗ್ತೈತಿ ಅನ್ಕೊಂಡಿದ್ದೆ.

ಅಂಗಡಿ ಈಗ ಮಗ ಮೊಯ್ದಿನ್ ನೋಡ್ಕೋತಾನ. ಮುದುಕ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಗುಂಡಿ ಹಚ್ಚಾಕತ್ತಿದ್ದ. ನಾ ಹಿಂದಿ ಭಾಷಾದಾಗ ಕೇಳಿದೆ, ನೇವಿ ಡೈವರ್ ಕಥಿ ಹೇಳ್ತೀರಂತಲ್ಲ, ಏನದು ಅಂತ. ನನ್ನ ಮುಖಾ ಒಂದು ಕ್ಷಣ ನೋಡಿದ. ಆಮ್ಯಾಲೆ ಅವನೂ ಹಿಂದ್ಯಾಗನ ಶುರು ಮಾಡಿದ. ಹಂಚು ತುಂಬಿದ ಮಂಜಿ, ಬಿರುಗಾಳಿ, ಎಂಟು ಮಂದಿಯೊಳಗ ಉಳಿದಾವ ಇವನೊಬ್ಬ. ಒಂದು ಹಲಗಿ ಹಿಡಕೊಂಡು ತೇಲಾಕತ್ತಿದ್ದನಂತ. ನೀರಿನೊಳಗಿಂದ ಕರಿಯ ಮುಖ ಒಂದು ಎದ್ದು ಬಂತು. ಪ್ರಾಣ ತಗೊಂಡು ಹೋಗಾಕ ಸಾವಿನ ದೂತ, ಅವರ ಮಲಕು, ಬಂದ ಅಂತ ತಿಳಿದು ಒದ್ದನಂತ, ಗುದ್ದಿದನಂತ. ಆಗ ಆ ಮಲಕು ಬೈದನಂತ. ಅದಷ್ಟನ್ನ ಅವ ಹಿಂದ್ಯಾಗ ಹೇಳಲಿಲ್ಲ. ನಮ್ಮ ಹಳಿಯಾಳದ ರಾಗದಾಗ, ಥೇಟ್ ನಿನ್ನಂಗ ಹೇಳಿದ: 'ಕಾಲು ಬಡೀಬ್ಯಾಡಲೇ ಮಂಗ್ಯಾ, ಇಬ್ಬರೂ ಮುಳಗ್ತೀವಿ!'

ನನಗ ನಗು ತಡಕೊಳ್ಳಾಕ ಆಗಲಿಲ್ಲ. ಅವ ಅದರ ಅರ್ಥ ಹಿಂದ್ಯಾಗ ಹೇಳೋಕಿಂತ ಮೊದಲ ನಕ್ಕುಬಿಟ್ಟೆ.

ಮುದುಕ ಸೂಜಿ ಕೆಳಗ ಇಟ್ಟ. 'ನಿಂಗೆ ಅರ್ಥ ಆಯ್ತಾ?' ಅಂದ, ಕನ್ನಡದಾಗ. 'ಯಾರ ಮಗಳು ನೀನು?' ಅಂದ.

'ಅವರು ನಮ್ಮಪ್ಪ' ಅಂದೆ. ಎರಡು ವರ್ಷದಾಗ ಈ ದೇಶದಾಗ ಒಬ್ಬರ ಮುಂದ ನಿಂತು ನಾ ಆಡಿದ ಮೊದಲನೇ ಕನ್ನಡ ಮಾತು ಅದು.

ಅವ ನನ್ನ ಕೈ ಹಿಡಕೊಂಡು ಗಳಗಳ ಅತ್ತ. ಆಮ್ಯಾಲೆ ಕಣ್ಣು ಒರಸಿಕೊಂಡು ಕೇಳಿದ, 'ಎಡಗೈಯಲ್ಲಿ ಕಲೆ ಉಂಟಾ ಇನ್ನೂ? ಮೊಣಕೈಯ ಕೆಳಗೆ?' ಉಂಟು, ಅದು ಮೀನು ಕಚ್ಚಿದ ಗಾಯ ಅಂದೆ. ನಾವು ಸಣ್ಣವರಿದ್ದಾಗಿಂದ ಅದನ್ನ ಕೇಳೀವಲ್ಲ, ಇಷ್ಟುದ್ದದ ಮೀನು, ಗರಗಸದಂಥ ಹಲ್ಲು.

'ಮೀನಾ?' ಅಂದ. 'ಎಂತ ಮೀನು ಮಾರಾಯ್ತಿ, ಆ ಮೀನು ನಾನೇ. ಹೆದರಿ ಕಚ್ಚಿದ್ದು ನಾನು. ರಕ್ತ ಬಂದ್ರೂ ಅವರು ಕೈ ಬಿಡ್ಲಿಲ್ಲ. ಹಡಗಿನ ಮೇಲೆ ಕಣ್ಣು ಬಿಟ್ಟಾಗ ಅವರು ಇರ್ಲಿಲ್ಲ. ತಪ್ಪಾಯ್ತು ಅಂತ ಒಂದು ಮಾತು ಹೇಳ್ಬೇಕು ಅಂತಲೇ ಇಷ್ಟು ವರ್ಷ ಹುಡುಕಿದ್ದು.'

ಅಪ್ಪಾ, ಅವ ಖರೇ ಹೇಳಿದನೇನು? ನೀ ಯಾಕ ಮೀನು ಅಂದಿ?

ಅಗಾತಾ

*

ಹಳಿಯಾಳ
೨೨ ಅಕ್ಟೋಬರ್ ೨೦೨೪

ಅಗಾತಾ,

ನಿನ್ನ ಕಾಗದ ನಾಕು ಸಲ ಓದಿದೆ. ಮೊದಲನೇ ಸಲ ನಂಬಲಿಲ್ಲ. ಮುದುಕ ಬೆರಕಿ ಅದಾನ, ಎಲ್ಲಾರ ಕೇಳಿಕೊಂಡು ನಿನಗ ಹೇಳ್ಯಾನ ಅನ್ಕೊಂಡೆ. ಆದ್ರ ಯಾರನ್ನ ಕೇಳ್ತಾನ? ಅದು ನಿಮ್ಮವ್ವಗೂ ಗೊತ್ತಿಲ್ಲ.

ಹೌದು, ಕಚ್ಚಿದಾವ ಅವನ. ಸಣ್ಣ ಹುಡುಗ ಇದ್ದ, ಇಪ್ಪತ್ತೆರಡು ಇಪ್ಪತ್ಮೂರು ಇರಬೇಕು. ನೀರಾಗ ಹೆದರಿದವರು ಕಚ್ಚತಾರ, ಪರಚತಾರ, ಅದು ನಮಗ ರೂಢಿ. ಆದ್ರ ಅವ ನೀರಿಗೆ ಹೆದರಿರಲಿಲ್ಲ. ನನ್ನ ಮುಖಾ ನೋಡಿ ಹೆದರಿದ್ದ. ಅವನ ಕಣ್ಣಾಗ ಅದನ್ನ ಕಂಡೀನಿ. ಹಡಗದ ಮ್ಯಾಲೆ ಡಾಕ್ಟರ್ ಹೊಲಿಗಿ ಹಾಕ್ಕೊಂತ ಏನು ಕಚ್ಚಿತೋ ಅಂದ. ಮೀನು ಸಾಬ್ ಅಂದೆ. ಸುತ್ತ ನಿಂತವರೆಲ್ಲಾ ನಕ್ರು. ನಾನೂ ನಕ್ಕೆ. ಅವಾಗಿಂದ ಅದು ಮೀನ ಆಗೇತಿ. ನೀವು ಹುಟ್ಟಿದ ಮ್ಯಾಲೆ ಮೀನು ಉದ್ದ ಆತು, ಹಲ್ಲು ಬಂದುವು. ನಿಮ್ಮಪ್ಪನ ಮುಖಾ ನೋಡಿ ಒಬ್ಬ ಸಾವು ಅಂತ ತಿಳಿದು ಕಚ್ಚಿದ ಅಂತ ಮಕ್ಕಳಿಗೆ ಹೆಂಗ ಹೇಳ್ಲಿ?

ಹೋದ ತಿಂಗಳು ನಿನ್ನ ಮ್ಯಾಲೆ ಸಿಟ್ಟಾದೆ. ಉಣ್ಣಲಿಲ್ಲ. ಅಪ್ಪ ಬ್ಯಾಡಾದ್ನಾ ಇಕೀಗೆ, ಬಣ್ಣ ಬ್ಯಾಡಾತಾ ಅಂತ ಒಬ್ಬನ ಕುಂತು ಒದರ್ಯಾಡಿದೆ. ಈಗ ಏನಂತ ಸಿಟ್ಟಾಗ್ಲಿ? ನಾ ಮೀನು ಅಂದೆ, ನೀ ಕೆನ್ಯಾ ಅಂದಿ. ನಾ ನಲವತ್ತೈದು ವರ್ಷ ಅಂದೀನಿ, ನೀ ಎರಡ ವರ್ಷ.

ಆ ಸಂಘದವರ ಮ್ಯಾಲಿನ ಅನುಮಾನ ನನಗಿನ್ನೂ ಹೋಗಿಲ್ಲ. ಪಕೀರಬ್ಬನ ಮಾತು ಬ್ಯಾರೆ, ಅವರದು ಬ್ಯಾರೆ. ಬಸ್ಸಿನಾಗಿನ ಮಾತು ನೀನ ಕೇಳೀದಿ. ಅದಕ್ಕ ನಾ ಬರೂದು ಬಿಡೂದು ನಿನ್ನ ಕೈಯಾಗ ಐತಿ. ವೆಂಕಟರಾಮುಗ ನಾ ಮತ್ತ ಬರಿಯಂಗಿಲ್ಲ. ಬಂಧುಗಳು ಯಾರದಾರ ಅಂತ ಅವ ಕೇಳಿದ್ದಕ್ಕ ಉತ್ತರ ನೀನ ಕೊಡು, ಬಾಯಿ ತಗದು. ಆಗಂಗಿಲ್ಲಂದ್ರ ಬ್ಯಾಡ, ನಾ ಏನೂ ಅನ್ನಂಗಿಲ್ಲ. ಇಲ್ಲೇ ಆರಾಮ ಇದೀನಿ.

ನಿಮ್ಮಪ್ಪ

*

ಅಲ್ ಖೋರ್
೪ ನವೆಂಬರ್ ೨೦೨೪

ಅಪ್ಪಾ,

ಈ ಕಾಗದಾನ ಮೊಯ್ದಿನ್ ಕೈಯಾಗ ಕಳಸಾಕತ್ತೀನಿ. ಅವ ನಾಳೆ ಊರಿಗೆ ಹೊಂಟಾನ, ಮಂಗಳೂರಾಗ ಸ್ಪೀಡ್ ಪೋಸ್ಟ್ ಮಾಡ್ತಾನ.

ನಿನ್ನ ಕಾಗದ ಗುರುವಾರ ಬಂತು. ಮರುದಿನ ಶುಕ್ರವಾರ, ಶನಿವಾರ ರಜಾ. ಎರಡು ದಿನ ಕನ್ನಡಿ ಮುಂದ ನಿಂತು ಹೆಂಗ ಶುರು ಮಾಡ್ಲಿ ಅಂತ ನೋಡಿಕೊಂಡೆ. 'ಸಾರ್, ನಿಮ್ಮ ಹತ್ರ ಒಂದು ಮಾತು' ಅಂತ ಮೆತ್ತಗ ಹೇಳೂದು ಅಂತ ಗಟ್ಟಿ ಮಾಡಿದೆ. ನಿನ್ನೆ ಬಸ್ ಹತ್ತಿದೆ. ಗೇಟ್ ಬಂತು, ಆಗಲಿಲ್ಲ. ಸಂಜಿಕೂ ಆಗಲಿಲ್ಲ.

ಇವತ್ತು ವೆಂಕಟರಾಮು ಫೋನಿನಾಗ ಆಮಂತ್ರಣ ಪತ್ರಿಕೆ ತಗದು ಸಹನಾಗ ತೋರಿಸಾಕತ್ತಿದ್ರು. 'ಏನ್ಮಾಡೋದು, ಅವರು ಬರಲ್ಲ ಅಂತ ಬರೆದುಬಿಟ್ಟಿದ್ದಾರೆ. ಪರವಾಗಿಲ್ಲ, ಸ್ಟೇಜ್ ಮೇಲೆ ಅವರ ಫೋಟೋ ಇಟ್ಟು ಒಂದು ದೊಡ್ಡ ಹಾರ ಹಾಕಿಬಿಡೋಣ' ಅಂದ್ರು. 'ದೀಪಾನೂ ಹಚ್ಚಿಟ್ರೆ ಚೆನ್ನಾಗಿರುತ್ತೆ ಅಲ್ವಾ' ಅಂದ್ಲು ಸಹನಾ.

ಅಷ್ಟ ಸಾಕಾತು. ಮೆತ್ತಗ ಅನ್ನೂದೆಲ್ಲಾ ಎಲ್ಲಿ ಹೋತೋ. ಎದ್ದು ನಿಂತು ಒದರಿದೆ: 'ಬದುಕಿರೋ ಮನಷ್ಯಾನ ಫೋಟೋಕ ಹಾರ ಹಾಕಿ ದೀಪಾ ಹಚ್ಚತೀರೇನ್ರೀ? ನಮ್ಮಪ್ಪ ಗಟ್ಟಿಮುಟ್ಟಾಗಿ ಮನ್ಯಾಗ ಕುಂತಾನ! ಮತ್ತ ಅದು ಸಿದ್ಧಿ ಅಲ್ಲ, ಸಿದ್ದಿ. ಹೊಟ್ಟಿ ಸೀಳಬ್ಯಾಡ್ರಿ, ದ-ಕ್ಕ ದ ಒತ್ತು!'

ಡ್ರೈವರ್ ಕನ್ನಡಿಯಾಗ ನೋಡಿ 'ಖಲಾಸ್, ಸಿಟ್, ಸಿಟ್' ಅಂದ. ನಾ ಕುಂಡ್ರಲಿಲ್ಲ. ವೆಂಕಟರಾಮು ನನ್ನ ನೋಡ್ತಾರ, ಫೋನ್ ನೋಡ್ತಾರ. 'ನೀವು... ಕೆನ್ಯಾ ಅಲ್ವಾ?' ಅಂದ್ರು. 'ಹಳಿಯಾಳ ರೀ' ಅಂದೆ.

ಸಹನಾ ಬಾಯಿ ಮ್ಯಾಲೆ ಕೈ ಇಟ್ಕೊಂಡಿದ್ಲು. ಎರಡು ವರ್ಷ ಏನೇನು ಮಾತಾಡ್ಯಾಳೋ ಎಲ್ಲಾ ಅಕಿ ಮುಖದಾಗ ಒಂದೊಂದಾಗಿ ಬಂದು ಹೋದುವು. ಬಾಚಣಿಗಿ, ಪರ್ಸು, ಅತ್ತಿ. ಆಮ್ಯಾಲೆ ಸಣ್ಣ ದನಿಲೆ ಕೇಳಿದ್ಲು, 'ಹಾಗಾದ್ರೆ ಅವತ್ತಿನ ಮೈಸೂರು ಪಾಕು?'

'ಗಟ್ಟಿ ಆಗಿತ್ತು' ಅಂದೆ.

ಅವರು ತಪ್ಪಾಯ್ತು ಅಂದ್ರು. ಇಬ್ಬರೂ ಅಂದ್ರು. ಖರೇ ಮನಸಿಲೆ ಅಂದ್ರೋ, ನಾಚಿಕಿಗೆ ಅಂದ್ರೋ ನನಗಿನ್ನೂ ಗೊತ್ತಾಗಿಲ್ಲ. ನಿನ್ನ ಮಗಳಲ್ಲೇನು, ಅನುಮಾನ ಹೋಗಾಕ ಸ್ವಲ್ಪ ದಿನ ಬೇಕು. ಆದ್ರ ಬಂಧುಗಳು ಯಾರದಾರ ಅನ್ನೂದಕ್ಕ ಉತ್ತರ ಕೊಟ್ಟೀನಿ. ಕಾರ್ಯಕ್ರಮ ೨೯ನೇ ತಾರೀಕು. ನೀ ಬಾ ಅಪ್ಪಾ.

ಅಗಾತಾ ಬಸ್ತ್ಯಾಂವ ಸಿದ್ದಿ

*

ಹಳಿಯಾಳ
೧೨ ನವೆಂಬರ್ ೨೦೨೪

ಮಗಳ,

ಬರ್ತೀನಿ. ಬ್ಲೇಜರ್ ಇಸ್ತ್ರಿಗೆ ಕೊಟ್ಟೀನಿ. ನಿಮ್ಮವ್ವ ಗುಂಡಿ ಬಿಗಿ ಆಗ್ಯಾವ ಅಂತಾಳ. ಅಲ್ಲಿ ದರ್ಜಿ ಅದಾನಲ್ಲ, ಅವ ನೋಡಿಕೊಳ್ಳಲಿ.

ವೆಂಕಟರಾಮುಗ ಹೇಳು. ಸ್ಟೇಜಿನ ಹಿಂದ ಯಾರಾರ ಕೈಯಾಗ ಸೊಪ್ಪು ಹಿಡಕೊಂಡು ಬಂದ್ರ ಅಲ್ಲಿಂದನ ಹೊಳ್ಳಿ ಹೊಂಡ್ತೀನಿ. ಏರ್‌ಪೋರ್ಟಿಗೆ ಸಂಘದವರು ಬ್ಯಾಡ, ನೀ ಬಾ. ಅಲ್ಲಿ ಯಾರಾರ ನನ್ನ ಮುಖಾ ನೋಡಿ ಕೆನ್ಯಾ ಅಂದ್ರ ಉತ್ತರ ನೀ ಹೇಳಬೇಕು, ನನಗ ಕಿವಿ ಕೇಳಂಗಿಲ್ಲ.

ನನ್ನ ಪರಿಚಯ ಭಾಷಣ ಅವ ಮಾಡಬಾರದು. ನೀ ಮಾಡು. ಮೀನಿನ ಕಥಿ ಮಾತ್ರ ಹೇಳಬ್ಯಾಡ, ಅದನ್ನ ನಾನ ಹೇಳ್ತೀನಿ. ಅಂಗಿ ತೋಳು ಮ್ಯಾಲೆ ಮಾಡಿ, ಎಲ್ಲಾರಿಗೂ ಕಾಣೂ ಹಂಗ.

ಪಕೀರಬ್ಬನ್ನ ನನ್ನ ಬಾಜೂಕ ಕುಂಡ್ರಿಸು, ಎಡಗಡೆ. ಈ ಸಲ ಕಚ್ಚಬ್ಯಾಡಲೇ ಮಂಗ್ಯಾ ಅಂತ ಈಗಿಂದನ ಹೇಳಿಡು.

ನಿಮ್ಮಪ್ಪ